ಸ್ವಾತಂತ್ರ್ಯ ಘೋಷಣೆ, ಸಂವಿಧಾನ: ಎರಡೂ ಒಂದೇನಾ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಅಮೆರಿಕದವರಿಗೆ ಸ್ವಾತಂತ್ರ್ಯ ಘೋಷಣೆಯೂ ಇದೆ, ಸಂವಿಧಾನವೂ ಇದೆ. ನಮಗೆ ಸಂವಿಧಾನ ಮಾತ್ರ ಯಾಕೆ, ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದಳು. ತಿಳಿಸುವಿರಾ ಸರ್?
– ಓದುಗರೊಬ್ಬರು, ಉಡುಪಿ

ಉತ್ತರ: ನಮ್ಮ ಕಡೆ ಮನೆ ಪಾಲಾಗುವುದನ್ನು ನೋಡಿದ್ದೀರಲ್ಲ. ‘ಇನ್ನು ನಾವು ಬೇರೆ’ ಅಂತ ದೊಡ್ಡ ಮನೆಯ ಜಗಲಿಯಲ್ಲಿ ನಿಂತು ಹೇಳುವುದು ಒಂದು ದಿನದ ಮಾತು. ಆಮೇಲೆ ದುಡ್ಡು ಯಾರ ಕೈಯಲ್ಲಿರಬೇಕು, ತೋಟಕ್ಕೆ ನೀರು ಬಿಡುವ ಸರದಿ ಯಾರದ್ದು, ಯಜಮಾನರೇ ತಪ್ಪಿದರೆ ಕೇಳುವವರು ಯಾರು? ಅದು ಬೇರೆಯೇ ಕೆಲಸ. ಮೊದಲನೆಯದು ಘೋಷಣೆ, ಎರಡನೆಯದು ಸಂವಿಧಾನ.

1776ರ ಅಮೆರಿಕದ ಘೋಷಣೆ ಓದಿ ನೋಡಿ. ಅದರಲ್ಲಿ ಜಾಸ್ತಿ ಇರುವುದು ಇಂಗ್ಲೆಂಡಿನ ಅರಸ ಮೂರನೇ ಜಾರ್ಜ್‌ ಮೇಲಿನ ದೂರುಗಳೇ. ಸರ್ಕಾರ ಹೇಗೆ ನಡೆಯಬೇಕು ಅನ್ನುವುದು ಅದರಲ್ಲಿಲ್ಲ. ಈಗಿರುವ ಸಂವಿಧಾನ ಬರೆದದ್ದು 1787ರಲ್ಲಿ. ಎಲ್ಲ ಮನುಷ್ಯರೂ ಸಮಾನರು ಅಂತ ಘೋಷಣೆ ಸಾರಿತ್ತು. ಆದರೂ ಗುಲಾಮಗಿರಿ ಅಳಿಸಲು 1865ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತರಬೇಕಾಯಿತು. 89 ವರ್ಷ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಘೋಷಣೆ ಆಗಲೇ ಇಲ್ಲ ಅಂತಲ್ಲ. 1929ರ ಡಿಸೆಂಬರಿನಲ್ಲಿ ಲಾಹೋರ್ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ಠರಾವು ಮಾಡಿತು. 1930ರ ಜನವರಿ 26ರಂದು ದೇಶದ ಎಷ್ಟೋ ಊರುಗಳಲ್ಲಿ ಜನ ಸೇರಿ ಪ್ರತಿಜ್ಞೆ ಮಾಡಿದರು. ಆ ನೆನಪಿಗೇ ಸಂವಿಧಾನವನ್ನು 1950ರಲ್ಲಿ ಅದೇ ದಿನ ಜಾರಿಗೆ ತಂದದ್ದು. ಆದರೆ ಪ್ರತಿಜ್ಞೆ ಕಾನೂನಲ್ಲ. ಕಾನೂನಿನ ಲೆಕ್ಕದಲ್ಲಿ ಸ್ವಾತಂತ್ರ್ಯ ಬಂದದ್ದು 1947ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ ಕಾಯ್ದೆಯಿಂದ.

ಇನ್ನೊಂದು ಮಾತು ಮಗಳಿಗೆ ಹೇಳಲೇಬೇಕು. ನಮ್ಮ ಸಂವಿಧಾನದ ಮೊದಲ ಕರಡು, 243 ವಿಧಿಗಳದ್ದು, ಸಿದ್ಧ ಮಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಅದೂ ಸಂಬಳ ತೆಗೆದುಕೊಳ್ಳದೆ. ಡಾ. ಅಂಬೇಡ್ಕರ್ ಅವರ ಸಮಿತಿ ಅದನ್ನು ತಿದ್ದಿ ಬೆಳೆಸಿತು. ಸಂವಿಧಾನ ಸಭೆ ಒಪ್ಪಿಕೊಂಡಾಗ 395 ವಿಧಿಗಳಾಗಿದ್ದವು.

ಸಂವಿಧಾನ ಹಿಡಿದು ಕೋರ್ಟಿಗೆ ಹೋಗಬಹುದು, ಇದೇ ದೊಡ್ಡ ವ್ಯತ್ಯಾಸ. ಕಾಸರಗೋಡು ಕಡೆಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು ಕೇಳಿದರು. ಪಾರ್ಲಿಮೆಂಟ್ ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅಂತ 1973ರಲ್ಲಿ 7–6ರ ತೀರ್ಪು ಬಂತು. ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಎಷ್ಟೇ ಪವಿತ್ರವಾದರೂ ಅದನ್ನು ಹಿಡಿದು ಹೀಗೆ ಕೇಸು ಹಾಕಲಾಗದು.

ಮನೆಯಲ್ಲಿ ಸಂವಿಧಾನದ ಪುಸ್ತಕ ಇದ್ದರೆ 395ನೇ ವಿಧಿ ತೆಗೆದು ಮಗಳಿಂದಲೇ ಓದಿಸಿ. ಒಂದೇ ವಾಕ್ಯ. ಬ್ರಿಟಿಷರು ಮಾಡಿದ್ದ 1947ರ ಆ ಸ್ವಾತಂತ್ರ್ಯ ಕಾಯ್ದೆಯನ್ನೇ ಅದು ರದ್ದು ಮಾಡುತ್ತದೆ.