ಇಮ್ಯಾಟಿನಿಬ್ ಇದ್ದಕ್ಕಿದ್ದಂತೆ ಕೆಲಸ ಮಾಡದಿದ್ದರೆ

ಸಿಎಂಎಲ್‌ಗೆ (ಒಂದು ಬಗೆಯ ರಕ್ತದ ಕ್ಯಾನ್ಸರ್) ಮೂರು ವರ್ಷ ಇಮ್ಯಾಟಿನಿಬ್ ಮಾತ್ರೆ ಒಗ್ಗಿ, ಈಗ ನಿಮ್ಮ ತಂದೆಯವರ ಬಿಸಿಆರ್-ಎಬಿಎಲ್ (ಈ ಕ್ಯಾನ್ಸರ್ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಳತೆ) ಏರುತ್ತಿದೆ ಅಂದರೆ, ಹೆಚ್ಚಾಗಿ ಮಾತ್ರೆ ತಪ್ಪುತ್ತಿರುತ್ತದೆ, ಇಲ್ಲವೇ ಕ್ಯಾನ್ಸರ್ ಕಣದ ಜೀನ್ ಬದಲಾಗಿ ಮಾತ್ರೆಗೆ ಕೂರಲು ಜಾಗವೇ ಸಿಗುತ್ತಿರುವುದಿಲ್ಲ. ಯಾವುದು ಅಂತ ಇಲ್ಲಿಂದ ಹೇಳಲಾಗದು.

ಮೊದಲು ಉಳಿದ ಮಾತ್ರೆ ಎಣಿಸಿ. ನಮ್ಮಮ್ಮ ವಾಕರಿಕೆಗೆ ಹೆದರಿ ವಾರಕ್ಕೆರಡು ಬಿಡುತ್ತಿದ್ದರು, ನಮಗೆ ಗೊತ್ತೇ ಇರಲಿಲ್ಲ! (ಊಟದ ಜೊತೆ, ದೊಡ್ಡ ಲೋಟ ನೀರಲ್ಲಿ ತಗೊಂಡರೆ ವಾಕರಿಕೆ ಕಡಿಮೆ.) ಟಿಬಿಗೆ ರಿಫಾಂಪಿಸಿನ್ ಶುರುವಾಗಿದ್ದರೆ ಡಾಕ್ಟರಿಗೆ ಹೇಳಿ, ಅದರಿಂದ ಇಮ್ಯಾಟಿನಿಬ್ ಲಿವರ್‌ನಲ್ಲೇ ಬೇಗ ಖರ್ಚಾಗುತ್ತದೆ.

ಆಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಏರಿದ್ದರೆ ಮ್ಯುಟೇಶನ್ (ಜೀನ್ ಬದಲಾವಣೆ) ಪರೀಕ್ಷೆ ಕೇಳಿ. ಅದರಲ್ಲಿ ಟಿ315ಐ ಎಂಬ ಬದಲಾವಣೆ ಬಂದರೆ ಡಾಸಾಟಿನಿಬ್, ನಿಲೋಟಿನಿಬ್ ಎಂಬ ಬೇರೆ ಔಷಧಿಗಳೆರಡೂ ದಂಡ. ಪೊನಾಟಿನಿಬ್ ಅಥವಾ ಅಸಿಮಿನಿಬ್ ಬಗ್ಗೆ ಡಾಕ್ಟರನ್ನು ವಿಚಾರಿಸಿ. ಅಲ್ಲಿಯವರೆಗೆ ನೀವಾಗೇ ಡೋಸ್ ಏರಿಸಬೇಡಿ, ನಿಲ್ಲಿಸಲೂಬೇಡಿ.