ತೋಳ, ನಾಯಿ ಮತ್ತು ನಿಮ್ಮ ಲೇಖನ

ಮಾನ್ಯರೇ, ನಮಸ್ಕಾರ.

ನೀವು ಕಳುಹಿಸಿದ ‘ಐರ್ಲೆಂಡಿನ ಪ್ರಾಣಿಲೋಕ’ ಲೇಖನವನ್ನು ಗಮನವಿಟ್ಟು ಓದಿದೆ. ವಿಷಯದ ಮೇಲೆ ನಿಮಗಿರುವ ಪ್ರೀತಿ ಪ್ರತಿ ಪುಟದಲ್ಲೂ ಕಾಣುತ್ತದೆ; ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಬಾಯ್ನ್ ನದಿಯ ಜ್ಞಾನದ ಮೀನು, ಹಂಸಗಳಾದ ಲಿರ್‌ನ ಮಕ್ಕಳು, ರಾಣಿ ಮೇವ್ ಬಯಸಿದ ಕಂದು ಹೋರಿ, ಹಾವುಗಳನ್ನು ಓಡಿಸಿದ ಸಂತ ಪ್ಯಾಟ್ರಿಕ್, ಕೊನೆಯ ತೋಳ, ಎಲ್ಲವನ್ನೂ ಒಂದರ ಹಿಂದೊಂದು ತಂದು ನಿಲ್ಲಿಸಿದ್ದೀರಿ. ಯಾವುದನ್ನೂ ಓದುಗರ ಮನಸ್ಸಿನಲ್ಲಿ ಉಳಿಯುವಷ್ಟು ಬೆಳೆಸಿಲ್ಲ.

ಅದಕ್ಕಿಂತ ದೊಡ್ಡ ತೊಡಕೆಂದರೆ ಐತಿಹ್ಯವನ್ನೂ ಇತಿಹಾಸವನ್ನೂ ಒಂದೇ ಧ್ವನಿಯಲ್ಲಿ ಹೇಳಿರುವುದು. ಪ್ಯಾಟ್ರಿಕ್ ಸಮುದ್ರಕ್ಕೆ ಅಟ್ಟಿದ್ದರಿಂದಲೇ ಐರ್ಲೆಂಡಿನಲ್ಲಿ ಹಾವುಗಳಿಲ್ಲ ಎಂದು ಬರೆದಿದ್ದೀರಿ. ಹಿಮಯುಗ ಕಳೆದ ಮೇಲೆ ಹಾವುಗಳು ಅಲ್ಲಿಗೆ ಹರಡುವ ಮೊದಲೇ ಸಮುದ್ರ ಅಡ್ಡವಾಗಿತ್ತು. ಪ್ಯಾಟ್ರಿಕ್ ಬದುಕಿದ್ದ ಐದನೆಯ ಶತಮಾನಕ್ಕೂ ಮುಂಚೆಯೇ ರೋಮನ್ ಲೇಖಕ ಸೋಲಿನಸ್ ಆ ದ್ವೀಪದಲ್ಲಿ ಹಾವುಗಳಿಲ್ಲವೆಂದು ಬರೆದಿದ್ದ. ಕಥೆಯನ್ನು ಕೈಬಿಡಿ ಎನ್ನುತ್ತಿಲ್ಲ, ಅದು ಜನರ ನಂಬಿಕೆ ಎಂಬುದನ್ನು ಸ್ಪಷ್ಟಪಡಿಸಿ.

ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಐರಿಶ್ ಪುರಾಣದ ವೀರ ಕುಹುಲಿನ್‌ನ ಭಾಗ. ಕಮ್ಮಾರ ಕುಲನ್‌ನ ಮನೆಯ ಔತಣಕ್ಕೆ ತಡವಾಗಿ ಬಂದ ಹುಡುಗ ಸೆಟಾಂಟ ಕಾವಲು ನಾಯಿಯನ್ನು ಕೊಂದು, ಬದಲಿ ಮರಿ ಬೆಳೆಯುವವರೆಗೆ ತಾನೇ ಕಾವಲಿರುತ್ತೇನೆಂದು ಮಾತು ಕೊಟ್ಟು, ‘ಕುಲನ್‌ನ ನಾಯಿ’ ಎಂಬ ಅರ್ಥದ ಕುಹುಲಿನ್ ಎಂಬ ಹೆಸರು ಪಡೆಯುವುದನ್ನು ಚೆನ್ನಾಗಿಯೇ ಹೇಳಿದ್ದೀರಿ. ಆದರೆ ಅಲ್ಲಿಗೇ ಮುಗಿಸಿದ್ದೇಕೆ? ಆ ಹೆಸರು ಪಡೆದವನು ನಾಯಿಯ ಮಾಂಸ ತಿನ್ನುವಂತಿಲ್ಲ. ದಾರಿಯಲ್ಲಿ ಸಿಕ್ಕ ಒಲೆಯ ಬಳಿ ಕೊಟ್ಟ ಊಟವನ್ನು ನಿರಾಕರಿಸುವಂತೆಯೂ ಇಲ್ಲ. ಕೊನೆಯ ಯುದ್ಧಕ್ಕೆ ಹೊರಟಾಗ ಮೂವರು ಒಕ್ಕಣ್ಣಿನ ಮುದುಕಿಯರು ನಾಯಿಯ ಮಾಂಸವನ್ನೇ ಸುಟ್ಟು ಅವನ ಮುಂದೆ ಚಾಚುತ್ತಾರೆ. ಎರಡು ಕಟ್ಟಳೆಗಳ ನಡುವೆ ಸಿಕ್ಕಿಬಿದ್ದ ವೀರ ಅದನ್ನು ತೆಗೆದುಕೊಳ್ಳುತ್ತಾನೆ, ಹಿಡಿದ ಕೈಯ ಬಲ ಅಲ್ಲೇ ಉಡುಗುತ್ತದೆ. ನಿಂತೇ ಸಾಯಬೇಕೆಂದು ಕಲ್ಲಿಗೆ ತನ್ನನ್ನು ಕಟ್ಟಿಕೊಂಡ ಅವನ ಹೆಗಲ ಮೇಲೆ ಹಕ್ಕಿ ಬಂದು ಕೂರುವ ದೃಶ್ಯದ ಕಂಚಿನ ಪ್ರತಿಮೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ದಂಗೆಯ ಸ್ಮಾರಕವಾಗಿ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯಲ್ಲಿದೆ. ಪುರಾಣ ಇತಿಹಾಸದೊಳಕ್ಕೆ ಕಾಲಿಡುವುದು ಇಲ್ಲಿಯೇ, ಮತ್ತು ಇದೇ ನಿಮ್ಮ ಲೇಖನದಲ್ಲಿಲ್ಲ.

ತೋಳದ ಭಾಗವನ್ನೂ ಹೀಗೆಯೇ ಬೆಳೆಸಬಹುದು. 1185ರಲ್ಲಿ ಐರ್ಲೆಂಡಿಗೆ ಬಂದಿದ್ದ ವೇಲ್ಸ್‌ನ ಪಾದ್ರಿ ಗೆರಾಲ್ಡ್ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ: ರಾತ್ರಿ ಕಾಡಿನಲ್ಲಿ ತಂಗಿದ್ದ ಪುರೋಹಿತನ ಬಳಿಗೆ ತೋಳವೊಂದು ಬಂದು, ಸಾಯುತ್ತಿರುವ ತನ್ನ ಸಂಗಾತಿಗೆ ಅಂತಿಮ ಸಂಸ್ಕಾರ ನೀಡುವಂತೆ ಮನುಷ್ಯರ ಮಾತಿನಲ್ಲಿ ಬೇಡುತ್ತದೆ, ಹೆಣ್ಣು ತೋಳದ ಚರ್ಮವನ್ನು ಸರಿಸಿದಾಗ ಒಳಗೆ ಮುದುಕಿಯೊಬ್ಬಳು ಕಾಣುತ್ತಾಳೆ. ಇದರ ಪಕ್ಕದಲ್ಲಿ, ಐರ್ಲೆಂಡನ್ನು ಗೆದ್ದ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್ ಕಾಲದ ಆಡಳಿತದ ಆಜ್ಞೆಗಳನ್ನಿಟ್ಟು ನೋಡಿ. 1652ರಲ್ಲಿ ತೋಳಬೇಟೆಯ ನಾಯಿಗಳನ್ನು ಹೊರದೇಶಕ್ಕೆ ಒಯ್ಯುವುದನ್ನು ನಿಷೇಧಿಸಲಾಯಿತು. ಮರುವರ್ಷ ಹೆಣ್ಣು ತೋಳದ ತಲೆಗೆ 6 ಪೌಂಡ್, ಗಂಡಿನ ತಲೆಗೆ 5 ಪೌಂಡ್ ಬಹುಮಾನ ಗೊತ್ತುಪಡಿಸಲಾಯಿತು. ಕಾಡೂ ಕರಗುತ್ತ ಬಂತು. ಕಾರ್ಲೋ ಜಿಲ್ಲೆಯಲ್ಲಿ 1786ರಲ್ಲಿ ಕೊನೆಯ ತೋಳವನ್ನು ಕೊಂದರೆಂಬುದು ವಾಡಿಕೆಯ ಮಾತು. ನೀವು ಅದನ್ನು ಖಚಿತ ಸಂಗತಿಯಂತೆ ಬರೆದಿದ್ದೀರಿ, ತಿದ್ದಿಕೊಳ್ಳಿ. ಸಂಸ್ಕಾರ ಬೇಡಿದ ಪ್ರಾಣಿಯ ತಲೆಗೆ ಬೆಲೆ ಕಟ್ಟಿದ ಆ ಐದು ಶತಮಾನಗಳಲ್ಲಿ ಏನು ಬದಲಾಯಿತೆಂದು ಕೇಳಿದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಸಿಗುತ್ತದೆ.

ಆದ್ದರಿಂದ ನಾಯಿ ಮತ್ತು ತೋಳಗಳನ್ನಷ್ಟೇ ಉಳಿಸಿಕೊಂಡು ಹೊಸದಾಗಿ ಬರೆದು ಕಳುಹಿಸಿ. ಮೀನು ಮತ್ತು ಹಂಸಗಳನ್ನು ಬೇರೆ ಲೇಖನಕ್ಕೆ ಎತ್ತಿಡಿ. ಅದನ್ನೂ ಓದಲು ನನಗೆ ಮನಸ್ಸಿದೆ.

ಇಂತಿ,
ಸಂಪಾದಕ