14 ಅಡಿಯ ಎರಡು ಅಲ್ಯೂಮಿನಿಯಂ ದೋಣಿಗಳಲ್ಲಿ ಯಾವುದನ್ನು ಕೊಳ್ಳಲಿ?

ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳಲ್ಲಿ ಮೀನು ಹಿಡಿಯಲು ನೀವು ನೋಡಿರುವ ಎರಡು ಹಳೆಯ ದೋಣಿಗಳ ಉದ್ದ, ಬೆಲೆ ಒಂದೇ. ಒಂದರ ತಳ ಚಪ್ಪಟೆ, ಇನ್ನೊಂದರದು ‘ವಿ’ ಆಕಾರ. ನಾನಾದರೆ ‘ವಿ’ ತಳದ್ದನ್ನೇ ಕೊಳ್ಳುತ್ತೇನೆ. ದೊಡ್ಡ ಸರೋವರದಲ್ಲಿ ಗಾಳಿ ಎದ್ದಾಗ ಅದು ಅಲೆಯನ್ನು ಸೀಳುತ್ತದೆ. ಚಪ್ಪಟೆ ತಳ ಅಲೆಗೆ ಬಡಿದು ಬಡಿದು ಬೆನ್ನು ನೋಯಿಸುತ್ತದೆ. ಜೊಂಡು ತುಂಬಿದ, ಆಳವಿಲ್ಲದ ನೀರಿನಲ್ಲಿ ಮಾತ್ರ ಚಪ್ಪಟೆಯದು ಮೇಲು. ನಿಂತು ಗಾಳ ಎಸೆದರೂ ಅಷ್ಟಾಗಿ ಓಲಾಡದು.

ಆದರೆ ತಳಕ್ಕಿಂತ ಮೊದಲು ಸ್ಥಿತಿ ನೋಡಿ. ಟ್ರೇಲರ್ ಮೇಲಿರುವಾಗಲೇ ಒಳಗೆ ಸ್ವಲ್ಪ ನೀರು ಸುರಿದರೆ ಸಡಿಲವಾದ ರಿವೆಟ್‌ಗಳು (ತಗಡುಗಳನ್ನು ಜೋಡಿಸುವ ಮೊಳೆಗಳು) ಒಸರುತ್ತವೆ. ಎಂಜಿನ್ ಕೂರಿಸುವ ಹಿಂಬದಿಯ ಮರ ಕೊಳೆತಿದ್ದರೆ ಆ ದೋಣಿ ಬೇಡವೇ ಬೇಡ. ಅಲ್ಲಿನ ಎತ್ತರವನ್ನೂ ಅಳೆಯಿರಿ: 15 ಇಂಚಿಗೆ ಗಿಡ್ಡ ಶಾಫ್ಟ್‌ನ (ನೀರಿಗಿಳಿಯುವ ದಂಡದ) ಎಂಜಿನ್, 20ಕ್ಕೆ ಉದ್ದನೆಯದು. ದೋಣಿಯ ಮೇಲಿನ ಸಾಮರ್ಥ್ಯ ಫಲಕದಲ್ಲಿ ಬರೆದಿರುವ ಎಂಜಿನ್ ಅಶ್ವಶಕ್ತಿಯ ಮಿತಿಯನ್ನು ಖಂಡಿತ ಮೀರಬೇಡಿ.